ಓದುಗರ ಪ್ರಶ್ನೆ, ನಮ್ಮ ಉತ್ತರ: ಉಂಗುರಗಳಲ್ಲಿ ಅಡಗಿದ್ದ ನೆನಪು

ಕಂಪ್ಯೂಟರಿಗೆ ಮಾಹಿತಿ ಕೊಡಲು ತೂತು ಹಾಕಿ ಬಳಸುತ್ತಿದ್ದ ರಟ್ಟಿನ ಪಂಚ್ ಕಾರ್ಡುಗಳ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ಬರೆದಿದ್ದ ಸಣ್ಣ ಉತ್ತರವನ್ನು ಓದಿ, ಕೋಣೆ ತುಂಬುವಷ್ಟು ದೊಡ್ಡದಾಗಿದ್ದ ಹಳೆಯ ಮೇನ್‌ಫ್ರೇಮ್ ಕಂಪ್ಯೂಟರುಗಳ ಕುರಿತು ಹಲವರು ಪತ್ರ ಬರೆದಿದ್ದಾರೆ. ಕೇಳಿರುವುದು ಬೇರೆ ಬೇರೆ ಸಂಗತಿಗಳನ್ನೇ ಆದರೂ ಎಲ್ಲ ಪತ್ರಗಳನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದಾಗ, ಅವುಗಳ ಬೇರು ಒಂದೇ ಕಡೆ ಇದೆ ಎಂದು ನನಗೆ ಅನ್ನಿಸಿತು. ಆ ಯಂತ್ರಗಳಲ್ಲಿ ಮೆಮೊರಿ ಬಹಳ ಕಡಿಮೆಯಿತ್ತು, ಇದ್ದಷ್ಟೂ ಬಹಳ ದುಬಾರಿಯಾಗಿತ್ತು. ಭಾಷೆಗಳ ನಿಯಮಗಳೂ ಬರೆಯುವವರ ಅಭ್ಯಾಸಗಳೂ ಆ ಕೊರತೆಯೊಳಗೇ ಬೆಳೆದವು. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರು 1970ರ ದಶಕದಲ್ಲಿ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಅಂಗೈ ಅಗಲದ ಒಂದು ಚೌಕಟ್ಟು ಸಿಕ್ಕಿತು. ಅದರ ತುಂಬಾ ಕೂದಲೆಳೆಯಂಥ ತಾಮ್ರದ ತಂತಿಗಳ ಜಾಲರಿಯಿದೆ, ತಂತಿಗಳು ಸೇರುವ ಕಡೆಯೆಲ್ಲ ಪುಟ್ಟ ಕಪ್ಪು ಉಂಗುರಗಳಿವೆ. ಭೂತಗನ್ನಡಿ ಹಿಡಿದು ಎಣಿಸಿದೆ, ಒಂದು ಸಾಲಿಗೆ 64 ಉಂಗುರ, ಅಂಥ 64 ಸಾಲು. ಇದೇನು? ಇದನ್ನು ಹೇಗೆ ಕಾಪಾಡಬೇಕು? (ಶಾಲಾ ಶಿಕ್ಷಕಿ, ಮೈಸೂರು)

ಉತ್ತರ: ತಾಯಿ, ನಿಮ್ಮ ಕೈಯಲ್ಲಿರುವುದು ಕೋರ್ ಮೆಮೊರಿಯ ಒಂದು ಹಲಗೆ. 1950ರ ದಶಕದ ನಡುಭಾಗದಿಂದ 1970ರ ದಶಕದ ಆರಂಭದವರೆಗೆ ಜಗತ್ತಿನ ಹೆಚ್ಚಿನ ದೊಡ್ಡ ಕಂಪ್ಯೂಟರುಗಳ ನೆನಪು ಇಂಥ ಉಂಗುರಗಳಲ್ಲಿಯೇ ಇರುತ್ತಿತ್ತು. ಆ ಒಂದೊಂದು ಉಂಗುರಕ್ಕೂ ‘ಕೋರ್’ ಎಂದು ಹೆಸರು. ಕಬ್ಬಿಣದ ಆಕ್ಸೈಡ್ ಮುಖ್ಯವಾಗಿರುವ, ಪಿಂಗಾಣಿಯಂತೆ ಗಡುಸಾದ ಫೆರೈಟ್ ಎಂಬ ವಸ್ತುವಿನಿಂದ ಅದನ್ನು ಮಾಡುತ್ತಿದ್ದರು. ಮೊದಮೊದಲಿನ ಉಂಗುರಗಳು ಸಾಸಿವೆ ಕಾಳಿಗಿಂತ ತುಸು ದೊಡ್ಡದಾಗಿದ್ದವು, ಕೊನೆಯ ವರ್ಷಗಳಲ್ಲಿ ರಾಗಿ ಕಾಳಿಗಿಂತಲೂ ಸಣ್ಣದಾದವು.

ಉಂಗುರದೊಳಗೆ ಹಾದುಹೋಗುವ ತಂತಿಯಲ್ಲಿ ಸಾಕಷ್ಟು ವಿದ್ಯುತ್ತು ಒಂದು ದಿಕ್ಕಿಗೆ ಹರಿದರೆ ಉಂಗುರವು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಕಾಂತತ್ವ ಪಡೆಯುತ್ತದೆ, ವಿದ್ಯುತ್ತು ಎದುರು ದಿಕ್ಕಿಗೆ ಹರಿದರೆ ಕಾಂತತ್ವವೂ ತಿರುಗಿಬೀಳುತ್ತದೆ. ಒಂದು ದಿಕ್ಕನ್ನು ‘ಒಂದು’ ಎಂದೂ ಇನ್ನೊಂದನ್ನು ‘ಸೊನ್ನೆ’ ಎಂದೂ ಕರೆದರೆ ಒಂದು ಉಂಗುರದಲ್ಲಿ ಒಂದು ಬಿಟ್, ಅಂದರೆ ಮಾಹಿತಿಯ ಅತಿ ಚಿಕ್ಕ ತುಣುಕು, ನಿಲ್ಲುತ್ತದೆ, ಮತ್ತು ವಿದ್ಯುತ್ತು ಹೋದರೂ ಅದು ಅಳಿಯುವುದಿಲ್ಲ. ಹಾಗಾದರೆ 4,096 ಉಂಗುರಗಳಲ್ಲಿ ಬೇಕಾದ ಒಂದನ್ನೇ ಮುಟ್ಟುವುದು ಹೇಗೆ? ಇದಕ್ಕೆ ಅಮೆರಿಕದ ಎಂಐಟಿ ಸಂಸ್ಥೆಯ ಜೇ ಫಾರೆಸ್ಟರ್ ಕಂಡುಕೊಂಡ ಉಪಾಯ ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ. ಉಂಗುರವನ್ನು ತಿರುಗಿಸಲು ಬೇಕಾದ ವಿದ್ಯುತ್ತಿನ ಅರ್ಧವನ್ನು ಅಡ್ಡ ತಂತಿಯೊಂದರಲ್ಲಿ, ಇನ್ನರ್ಧವನ್ನು ಉದ್ದ ತಂತಿಯೊಂದರಲ್ಲಿ ಕಳುಹಿಸುತ್ತಾರೆ. ಆ ಎರಡು ಸಾಲುಗಳಲ್ಲಿರುವ ಬೇರೆಲ್ಲ ಉಂಗುರಗಳಿಗೂ ಅರ್ಧ ಪಾಲು ಮಾತ್ರ ಸಿಗುವುದರಿಂದ ಅವು ಅಲುಗಾಡುವುದಿಲ್ಲ, ಎರಡು ತಂತಿಗಳು ಕೂಡುವ ಜಾಗದಲ್ಲಿರುವ ಒಂದೇ ಒಂದು ಉಂಗುರಕ್ಕೆ ಪೂರ್ಣ ಪಾಲು ಸಿಕ್ಕಿ ಅದು ತಿರುಗುತ್ತದೆ. ಹೀಗೆ 64 ಅಡ್ಡ ತಂತಿ, 64 ಉದ್ದ ತಂತಿ, ಒಟ್ಟು 128 ತಂತಿಗಳಿಂದ 4,096 ಉಂಗುರಗಳನ್ನೂ ಬೇಕಾದಾಗ ಬೇಕಾದ ಹಾಗೆ ಆಳಬಹುದು.

ಓದುವ ಕ್ರಮ ಇನ್ನೂ ವಿಚಿತ್ರ. ಉಂಗುರದಲ್ಲಿ ಏನಿದೆ ಎಂದು ತಿಳಿಯಬೇಕಾದರೆ ಅದನ್ನು ಸೊನ್ನೆಯ ಕಡೆಗೆ ತಳ್ಳಿ ನೋಡಬೇಕು. ಮೊದಲೇ ಸೊನ್ನೆಯಿದ್ದರೆ ಏನೂ ಆಗುವುದಿಲ್ಲ, ಒಂದು ಇದ್ದರೆ ಉಂಗುರ ತಿರುಗಿ, ಎಲ್ಲ ಉಂಗುರಗಳನ್ನೂ ಪೋಣಿಸಿರುವ ಮತ್ತೊಂದು ತಂತಿಯಲ್ಲಿ ಕ್ಷಣಕಾಲ ಸಣ್ಣ ಮಿಡಿತ ಹುಟ್ಟುತ್ತದೆ. ನಿಮ್ಮ ಹಲಗೆಯಲ್ಲಿ ಓರೆಯಾಗಿ ಸಾಗುವ ತಂತಿಯೊಂದು ಭೂತಗನ್ನಡಿಗೆ ಕಂಡರೆ, ಅದು ಬಹುಮಟ್ಟಿಗೆ ಆ ಓದುವ ತಂತಿಯೇ ಇರಬೇಕು. ಆದರೆ ಓದಿದ ಕೂಡಲೇ ಅಲ್ಲಿದ್ದ ‘ಒಂದು’ ಅಳಿದುಹೋಗಿರುತ್ತದೆ! ಆದಕಾರಣ ಪ್ರತಿಸಲ ಓದಿದ ಬೆನ್ನಿಗೇ ಯಂತ್ರವು ಅದನ್ನು ಮತ್ತೆ ಬರೆಯುತ್ತಿತ್ತು. ಓದಿ ಅಳಿಸಿದ್ದನ್ನು ತಕ್ಷಣ ತಿರುಗಿ ಬರೆಯಬಹುದು ಎಂಬ ಆಲೋಚನೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಆನ್ ವಾಂಗ್ ಅವರದು. ಫಾರೆಸ್ಟರ್ ಅವರ ತಂಡ ಎಂಐಟಿಯ ವರ್ಲ್‌ವಿಂಡ್ ಎಂಬ ಕಂಪ್ಯೂಟರಿಗೆ 1953ರಲ್ಲಿ ಇಂಥ ಮೆಮೊರಿಯನ್ನು ಜೋಡಿಸಿತು.

ಈ ಹಲಗೆಗಳನ್ನು ಬಹುಕಾಲ ಕೈಯಿಂದಲೇ ನೇಯುತ್ತಿದ್ದರು, ಹಾಗೆ ನೇಯ್ದವರಲ್ಲಿ ಹೆಚ್ಚಿನವರು ಹೆಂಗಸರು. ಸೂಜಿಯ ಮೊನೆಯಷ್ಟೇ ಇರುವ ತೂತಿನಲ್ಲಿ ಮೂರು ನಾಲ್ಕು ತಂತಿಗಳನ್ನು ಒಂದಕ್ಕೊಂದು ಉಜ್ಜದಂತೆ ದಾಟಿಸಬೇಕು, ಅದೂ ಸಾವಿರಾರು ಸಲ. ಕಂಪ್ಯೂಟರ್ ಇತಿಹಾಸದ ಪುಸ್ತಕಗಳಲ್ಲಿ ವಿಜ್ಞಾನಿಗಳ ಹೆಸರುಗಳಿವೆ, ಈ ಹೆಂಗಸರ ಹೆಸರುಗಳಿಲ್ಲ. ಇದು ಸಣ್ಣ ಲೋಪವೆಂದು ನಾನು ಎಣಿಸುವುದಿಲ್ಲ.

ನಿಮ್ಮ ಹಲಗೆ ಎಷ್ಟನ್ನು ನೆನಪಿಡುತ್ತಿತ್ತು ಎಂಬುದನ್ನು ಕನ್ನಡದಲ್ಲಿಯೇ ಲೆಕ್ಕ ಹಾಕೋಣ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಆದ್ದರಿಂದ 4,096 ಬಿಟ್ ಎಂದರೆ 512 ಬೈಟ್. ಇಂದು ಅಂತರ್ಜಾಲದಲ್ಲಿ ಬಳಸುವ ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಕೊಂಬು ದೀರ್ಘಗಳಂಥ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಹಾಗಾಗಿ ಆ ಇಡೀ ಹಲಗೆಯಲ್ಲಿ ಸುಮಾರು 170 ಅಕ್ಷರ ಮತ್ತು ಚಿಹ್ನೆಗಳು ಹಿಡಿಸುತ್ತವೆ, ನಿಮ್ಮ ಪತ್ರದ ಮೊದಲ ಎರಡು ವಾಕ್ಯಗಳಿಗೇ ಅದು ಬಹುಪಾಲು ತುಂಬಿಹೋಗುತ್ತದೆ.

ಕಾಪಾಡುವ ವಿಚಾರ: ದಯವಿಟ್ಟು ಅದನ್ನು ಒದ್ದೆ ಬಟ್ಟೆಯಿಂದಾಗಲಿ ಒಣಬಟ್ಟೆಯಿಂದಾಗಲಿ ಒರಸಬೇಡಿ, ಬಟ್ಟೆಯ ಎಳೆ ಸಿಕ್ಕಿಕೊಂಡರೆ ತಂತಿ ಕಿತ್ತುಬರುತ್ತದೆ. ಫೆರೈಟ್ ಗಡುಸಾದರೂ ಪೆಡಸು, ತಟ್ಟಿದರೆ ಉಂಗುರ ಒಡೆಯುತ್ತದೆ. ಚೌಕಟ್ಟಿನ ಅಂಚನ್ನಷ್ಟೇ ಹಿಡಿದು, ಮುಚ್ಚಳವಿರುವ ಗಟ್ಟಿ ಡಬ್ಬಿಯಲ್ಲಿ, ತೇವ ತಾಗದ ಕಡೆ ಇಡಿ. ನಿಮ್ಮ ತಂದೆಯವರ ಹೆಸರು, ಅವರು ಕೆಲಸ ಮಾಡಿದ ವರ್ಷಗಳು, ನಿಮಗೆ ನೆನಪಿರುವಷ್ಟು ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ಅದೇ ಡಬ್ಬಿಯಲ್ಲಿಡಿ. ಮುಂದೆ ಯಾರಾದರೂ ಅದನ್ನು ತೆರೆದಾಗ ಹಲಗೆಯಷ್ಟೇ ಆ ಹಾಳೆಯೂ ಅವರಿಗೆ ಬೇಕಾಗುತ್ತದೆ.

ಪ್ರಶ್ನೆ: ಲಿನಕ್ಸ್‌ನಲ್ಲಿ ನಾನು ಬರೆದ ಪ್ರೋಗ್ರಾಂ ಕುಸಿದುಬಿದ್ದಾಗ ಪರದೆಯ ಮೇಲೆ ‘ಕೋರ್ ಡಂಪ್ಡ್’ ಎಂದು ಬರುತ್ತದೆ. ಇದು ಹಳೆಯ ಕೋರ್ ಮೆಮೊರಿಗೆ ಸಂಬಂಧಿಸಿದ್ದೇ? ಕೋರ್ ಬರುವುದಕ್ಕೆ ಮುಂಚೆ ಕಂಪ್ಯೂಟರುಗಳು ಏನನ್ನು ಬಳಸುತ್ತಿದ್ದವು? (ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಹೌದು, ಅದೇ ಕೋರ್. ಪ್ರೋಗ್ರಾಂ ಎಡವಿದಾಗ ಉಂಗುರಗಳಲ್ಲಿ ಆ ಹೊತ್ತಿಗೆ ಏನೇನಿತ್ತೋ ಅದೆಲ್ಲವನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ, ಗುಡ್ಡೆ ಹಾಳೆಗಳ ಮುಂದೆ ಕುಳಿತು ತಪ್ಪು ಹುಡುಕುತ್ತಿದ್ದರು. ಉಂಗುರಗಳು ಹೋದರೂ ಮಾತು ಉಳಿದುಕೊಂಡಿತು.

ಕೋರ್‌ಗೆ ಮುಂಚಿನ ಉಪಾಯಗಳಲ್ಲಿ ಮೂರು ಮುಖ್ಯವಾದವು. ಮೊದಲನೆಯದು ಪಾದರಸ. ಕೇಂಬ್ರಿಜ್‌ನಲ್ಲಿ ಮಾರಿಸ್ ವಿಲ್ಕ್ಸ್ ಅವರ ತಂಡ ಕಟ್ಟಿ, 1949ರ ಮೇ 6ರಂದು ಮೊದಲ ಬಾರಿ ಓಡಿಸಿದ ಎಡ್ಸ್ಯಾಕ್ ಯಂತ್ರದಲ್ಲಿ ಸುಮಾರು ಐದು ಅಡಿ ಉದ್ದದ ಕೊಳವೆಗಳಲ್ಲಿ ಪಾದರಸ ತುಂಬಿರುತ್ತಿತ್ತು. ಒಂದು ತುದಿಯಿಂದ ಶಬ್ದದ ಮಿಡಿತಗಳನ್ನು ಕಳುಹಿಸಿದರೆ ಅವು ಇನ್ನೊಂದು ತುದಿ ಮುಟ್ಟಲು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತು ಬೇಕು. ಮುಟ್ಟಿದ ಮಿಡಿತವನ್ನು ಗ್ರಹಿಸಿ, ಬಲಪಡಿಸಿ, ಮತ್ತೆ ಮೊದಲ ತುದಿಗೆ ಕೊಟ್ಟರೆ ಅದು ಸುತ್ತುತ್ತಲೇ ಇರುತ್ತದೆ. ಅಂದರೆ ದಾರಿಯಲ್ಲಿರುವ ಶಬ್ದವೇ ಆ ಯಂತ್ರದ ನೆನಪು. ಬೇಕಾದ ಸಂಖ್ಯೆ ತುದಿಗೆ ಬರುವವರೆಗೆ ಯಂತ್ರ ಕಾಯಬೇಕಾಗಿತ್ತು.

ಎರಡನೆಯದು ಟಿವಿಯಲ್ಲಿ ಇರುತ್ತಿದ್ದಂಥ ಚಿತ್ರನಳಿಕೆ. ಮ್ಯಾಂಚೆಸ್ಟರ್‌ನ ಫ್ರೆಡ್ಡಿ ವಿಲಿಯಮ್ಸ್ ಮತ್ತು ಟಾಮ್ ಕಿಲ್ಬರ್ನ್ ನಳಿಕೆಯ ಮುಖದ ಮೇಲೆ ವಿದ್ಯುದಂಶದ ಚುಕ್ಕೆಗಳನ್ನಿಟ್ಟು ಅವನ್ನೇ ಬಿಟ್‌ಗಳಾಗಿ ಬಳಸಿದರು. ಚುಕ್ಕೆಗಳು ಕ್ಷಣಾರ್ಧದಲ್ಲಿ ಮಸುಕಾಗುತ್ತಿದ್ದುದರಿಂದ ಅವನ್ನು ಬಿಡದೆ ಮತ್ತೆ ಮತ್ತೆ ತಿದ್ದಬೇಕಾಗುತ್ತಿತ್ತು. 1948ರ ಜೂನ್ 21ರಂದು ಅವರ ಪುಟ್ಟ ಯಂತ್ರವು ತನ್ನ ಮೆಮೊರಿಯಲ್ಲಿಯೇ ಇಟ್ಟುಕೊಂಡ 17 ಆಜ್ಞೆಗಳ ಪ್ರೋಗ್ರಾಂ ಒಂದನ್ನು 52 ನಿಮಿಷ ಓಡಿಸಿ ಸರಿಯುತ್ತರ ಕೊಟ್ಟಿತು. ಅದರ ಮೆಮೊರಿಯ ಅಳತೆ 32 ಬಿಟ್‌ಗಳ 32 ಪದಗಳು, ಒಟ್ಟು 1,024 ಬಿಟ್. (ಯಂತ್ರವು ಒಂದು ಸಲಕ್ಕೆ ಒಟ್ಟಿಗೆ ನಿಭಾಯಿಸುವ ಬಿಟ್ ಇಲ್ಲವೇ ಅಂಕಿಗಳ ಗುಂಪಿಗೆ ಇಲ್ಲಿ ‘ಪದ’ ಎಂದು ಹೆಸರು.)

ಮೂರನೆಯದು ಕಾಂತೀಯ ಲೇಪನವಿರುವ, ಸದಾ ತಿರುಗುವ ಉರುಳೆ, ಅಂದರೆ ಡ್ರಮ್. 1954ರಿಂದ ಗಿರಾಕಿಗಳ ಕೈಸೇರಿದ ಐಬಿಎಂ 650 ಯಂತ್ರದಲ್ಲಿ ಹತ್ತು ಅಂಕಿಗಳ 2,000 ಪದಗಳು ಹಿಡಿಸುವ ಡ್ರಮ್ ನಿಮಿಷಕ್ಕೆ 12,500 ಸುತ್ತು ತಿರುಗುತ್ತಿತ್ತು, ಅಂದರೆ ಒಂದು ಸುತ್ತಿಗೆ 4.8 ಮಿಲಿಸೆಕೆಂಡು. ಇಲ್ಲಿ ಯಂತ್ರದ ರಚನೆ ಬರೆಯುವವನ ಬುದ್ಧಿಯನ್ನು ಹೇಗೆ ತಿದ್ದುತ್ತಿತ್ತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಆಜ್ಞೆಯನ್ನು ಪಾಲಿಸಿ ಮುಗಿಸುವಷ್ಟರಲ್ಲಿ ಡ್ರಮ್ ಮುಂದೆ ಸರಿದಿರುತ್ತದೆ. ಮುಂದಿನ ಆಜ್ಞೆಯನ್ನು ಪಕ್ಕದ ಮನೆಯಲ್ಲಿಯೇ ಇಟ್ಟಿದ್ದರೆ ಅದು ಓದುವ ಹೆಡ್‌ನ ಕೆಳಗಿಂದ ದಾಟಿಹೋಗಿ, ಮತ್ತೆ ಬರಲು ಇಡೀ ಒಂದು ಸುತ್ತು ಬೇಕಾಗುತ್ತದೆ. ಅದಕ್ಕಾಗಿ 650ರ ಪ್ರತಿಯೊಂದು ಆಜ್ಞೆಯಲ್ಲೂ ಎರಡು ಅಂಕಿ ಮಾಡಬೇಕಾದ ಕೆಲಸಕ್ಕೆ, ನಾಲ್ಕು ಅಂಕಿ ಲೆಕ್ಕಕ್ಕೆ ಬೇಕಾದ ಸಂಖ್ಯೆ ಡ್ರಮ್‌ನಲ್ಲಿ ಇರುವ ಜಾಗದ ವಿಳಾಸಕ್ಕೆ, ಉಳಿದ ನಾಲ್ಕು ಅಂಕಿ ಮುಂದಿನ ಆಜ್ಞೆಯ ವಿಳಾಸಕ್ಕೆ ಮೀಸಲಾಗಿದ್ದವು. ಯಾವ ಆಜ್ಞೆ ಎಷ್ಟು ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತಿಗೆ ಡ್ರಮ್‌ನ ಯಾವ ಭಾಗ ಹೆಡ್‌ನ ಕೆಳಗೆ ಬಂದಿರುತ್ತದೆ ಎಂದು ಲೆಕ್ಕ ಹಾಕಿ, ಮುಂದಿನ ಆಜ್ಞೆಯನ್ನು ಸರಿಯಾಗಿ ಅಲ್ಲಿಯೇ ಇಡುವುದು ಪ್ರೋಗ್ರಾಂ ಬರೆಯುವವರ ಜಾಣ್ಮೆಯಾಗಿತ್ತು. ಹಾಗೆ ಜೋಡಿಸಿದ ಪ್ರೋಗ್ರಾಂ ಸುಮ್ಮನೆ ಸಾಲಾಗಿ ಬರೆದದ್ದಕ್ಕಿಂತ ಹಲವು ಪಟ್ಟು ವೇಗವಾಗಿ ಓಡುತ್ತಿತ್ತು. ಆಮೇಲೆ ಈ ಜೋಡಣೆಯ ಕೆಲಸವನ್ನು ತಾನೇ ಮಾಡುವ ‘ಸೋಪ್’ ಎಂಬ ಅಸೆಂಬ್ಲರ್ (ಮನುಷ್ಯರು ಬರೆದ ಆಜ್ಞೆಗಳನ್ನು ಯಂತ್ರದ ಸಂಖ್ಯೆಗಳಿಗೆ ಬದಲಿಸುವ ಪ್ರೋಗ್ರಾಂ) ಬಂದಿತು. ಇಂದಿನ ಅಲ್ಗಾರಿದಂ ಶಾಸ್ತ್ರದ ಹಿರಿಯರಾದ ಡೊನಾಲ್ಡ್ ನೂತ್ ಅವರು ಪ್ರೋಗ್ರಾಂ ಬರೆಯಲು ಕಲಿತದ್ದು ಈ 650ರ ಮೇಲೆಯೇ.

ಕೋರ್ ನಂತರದ ಕಥೆಯನ್ನೂ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಒಂದೇ ಟ್ರಾನ್ಸಿಸ್ಟರಿನಲ್ಲಿ ಒಂದು ಬಿಟ್ ಇಡುವ ವಿಧಾನಕ್ಕೆ 1968ರಲ್ಲಿ ಪೇಟೆಂಟ್ ಪಡೆದರು. 1970ರಲ್ಲಿ ಇಂಟೆಲ್ ಕಂಪನಿ 1103 ಎಂಬ ಮೆಮೊರಿ ಚಿಪ್ ಮಾರಾಟಕ್ಕೆ ತಂದಿತು, ಅದರಲ್ಲಿ ಹಿಡಿಸುತ್ತಿದ್ದುದು ಸರಿಯಾಗಿ 1,024 ಬಿಟ್, ಮ್ಯಾಂಚೆಸ್ಟರ್‌ನ ಚಿತ್ರನಳಿಕೆಯಷ್ಟೇ. ನಿಮ್ಮ ಲ್ಯಾಪ್‌ಟಾಪಿನ ಮೆಮೊರಿಯೂ ಅದೇ ಜಾತಿಗೆ ಸೇರಿದ್ದು. ಅದರ ವಿದ್ಯುದಂಶ ಮಸುಕಾಗುವುದರಿಂದ ಚಿತ್ರನಳಿಕೆಯ ಚುಕ್ಕೆಗಳಂತೆ ಅದನ್ನು ಬಿಡದೆ ತಿದ್ದುತ್ತಿರಬೇಕು, ಓದಿದಾಗ ಅಳಿಯುವುದರಿಂದ ಕೋರ್‌ನಂತೆ ಮತ್ತೆ ಬರೆಯಬೇಕು.

ಪ್ರಶ್ನೆ: 1970ರ ದಶಕದಲ್ಲಿ ಇಂಜಿನಿಯರಿಂಗ್ ಓದುವಾಗ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತೆ. ಸಾಲನ್ನು ಏಳನೆಯ ಕಾಲಂನಿಂದಲೇ ಶುರು ಮಾಡಬೇಕು, 72ನೆಯ ಕಾಲಂ ದಾಟಬಾರದು, ಹೆಸರು ಆರು ಅಕ್ಷರ ಮೀರಬಾರದು ಎಂದು ನಮ್ಮ ಮೇಷ್ಟ್ರು ಕಟ್ಟುನಿಟ್ಟಾಗಿ ಹೇಳುತ್ತಿದ್ದರು. ಈ ನಿಯಮಗಳಿಗೆ ಏನು ಕಾರಣ? (ನಿವೃತ್ತ ಇಂಜಿನಿಯರ್, ದಾವಣಗೆರೆ)

ಉತ್ತರ: ಸ್ವಾಮಿ, ನಿಮ್ಮ ಪ್ರಶ್ನೆಗೆ ಉತ್ತರ ಐಬಿಎಂ 704 ಎಂಬ ಯಂತ್ರದ ಒಡಲಲ್ಲಿದೆ. ಕೋರ್ ಮೆಮೊರಿಯೊಂದಿಗೆ 1950ರ ದಶಕದ ನಡುವೆ ಬಂದ ಆ ಯಂತ್ರದ ಒಂದು ಪದವೆಂದರೆ 36 ಬಿಟ್. ಜಾನ್ ಬ್ಯಾಕಸ್ ಮತ್ತು ಅವರ ಗೆಳೆಯರು 1957ರ ಏಪ್ರಿಲ್‌ನಲ್ಲಿ ಹೊರತಂದ ಮೊದಲ ಫೋರ್ಟ್ರಾನ್ ಕಂಪೈಲರ್ (ಆ ಭಾಷೆಯನ್ನು ಯಂತ್ರದ ಆಜ್ಞೆಗಳಿಗೆ ಅನುವಾದಿಸುವ ಪ್ರೋಗ್ರಾಂ) ಆ ಯಂತ್ರಕ್ಕಾಗಿಯೇ ಬರೆದದ್ದು. ಅದರಲ್ಲಿ ಒಂದು ಅಕ್ಷರಕ್ಕೆ ಆರು ಬಿಟ್ ಬೇಕಾಗಿತ್ತು, ಆರಾರಲಿ ಮೂವತ್ತಾರು, ಹೀಗಾಗಿ ಪ್ರೋಗ್ರಾಂನಲ್ಲಿ ಒಂದು ಬೆಲೆಗೆ ಕೊಡುವ ಹೆಸರು ಒಂದು ಪದದಲ್ಲಿ ಅಚ್ಚುಕಟ್ಟಾಗಿ ಕೂರಬೇಕಾದರೆ ಆರಕ್ಷರ ಮೀರುವಂತಿರಲಿಲ್ಲ. ಪಂಚ್ ಕಾರ್ಡಿನಲ್ಲಿ 80 ಕಾಲಂಗಳಿದ್ದರೂ 704ರ ಕಾರ್ಡ್ ರೀಡರ್ ಕಾರ್ಡಿನ ಒಂದೊಂದು ಅಡ್ಡಸಾಲನ್ನೂ ಎರಡು ಪದಗಳಾಗಿ ಓದುತ್ತಿತ್ತು, ಎರಡು ಪದವೆಂದರೆ 72 ಬಿಟ್, ಆದ್ದರಿಂದ 72 ಕಾಲಂ. ಒಂದರಿಂದ ಐದರವರೆಗಿನ ಕಾಲಂಗಳು ಸಾಲಿನ ಸಂಖ್ಯೆಗೆ, ಆರನೆಯದು ಹಿಂದಿನ ಕಾರ್ಡಿನ ಸಾಲು ಮುಂದುವರಿದಿದೆ ಎಂದು ಸೂಚಿಸುವುದಕ್ಕೆ, ಏಳರಿಂದ ವಾಕ್ಯ ಆರಂಭ.

ಉಳಿದ ಎಂಟು ಕಾಲಂಗಳನ್ನು ಯಂತ್ರ ಓದುತ್ತಿರಲಿಲ್ಲ, ಆದರೆ ಮನುಷ್ಯರಿಗೆ ಅವು ಬೇಕಾಗುತ್ತಿದ್ದವು. ಅಲ್ಲಿ ಕಾರ್ಡಿನ ಕ್ರಮಸಂಖ್ಯೆಯನ್ನು ತೂತು ಹಾಕಿಸಿಟ್ಟರೆ, ಕಟ್ಟು ಕೈಜಾರಿ ಬಿದ್ದಾಗ ಮತ್ತೆ ಜೋಡಿಸಬಹುದಿತ್ತು. ನಾನು ವಿದ್ಯಾರ್ಥಿಯಾಗಿದ್ದಾಗ ಆ ಶ್ರಮಕ್ಕೆ ಸಮಯವಿಲ್ಲದೆ, ಎಲ್ಲರಂತೆ ಕಾರ್ಡಿನ ಕಟ್ಟನ್ನು ನಿಲ್ಲಿಸಿ, ಅದರ ಮೇಲಂಚಿಗೆ ಸ್ಕೆಚ್ ಪೆನ್ನಿನಿಂದ ಮೂಲೆಯಿಂದ ಮೂಲೆಗೆ ಒಂದು ಓರೆಗೆರೆ ಎಳೆದಿಡುತ್ತಿದ್ದೆ. ಒಂದು ಕಾರ್ಡು ಸ್ಥಾನ ತಪ್ಪಿದರೂ ಗೆರೆ ಮುರಿದಂತೆ ಕಾಣುತ್ತಿತ್ತು. ಮಳೆಗಾಲದ ಒಂದು ಸಂಜೆ ಕಂಪ್ಯೂಟರ್ ಕೇಂದ್ರದ ಮೆಟ್ಟಿಲಲ್ಲಿ ಇನ್ನೂರರಷ್ಟಿದ್ದ ನನ್ನ ಕಾರ್ಡುಗಳು ಚೆಲ್ಲಾಡಿದಾಗ, ಆ ಗೆರೆಯನ್ನು ಹಿಡಿದುಕೊಂಡೇ ರಾತ್ರಿಯವರೆಗೆ ಕುಳಿತು ಜೋಡಿಸಿದೆ. ತೇವಕ್ಕೆ ಉಬ್ಬಿದ್ದ ನಾಲ್ಕು ಕಾರ್ಡುಗಳನ್ನು ರೀಡರ್ ತೆಗೆದುಕೊಳ್ಳಲಿಲ್ಲ, ಅವನ್ನು ಮತ್ತೆ ಪಂಚ್ ಮಾಡಬೇಕಾಯಿತು. ಉತ್ತರ ಸಿಕ್ಕಿದ್ದು ಮರುದಿನ ಮಧ್ಯಾಹ್ನ, ಅದರಲ್ಲಿ ಇದ್ದದ್ದು ಒಂದು ಅಲ್ಪವಿರಾಮ ಬಿಟ್ಟುಹೋಗಿದೆ ಎಂಬ ಸೂಚನೆ.

ಅಲ್ಪವಿರಾಮದ ಮಾತು ಬಂದಿದ್ದರಿಂದ ಇನ್ನೊಂದು ಸಂಗತಿ. ಫೋರ್ಟ್ರಾನ್ ಖಾಲಿ ಜಾಗಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ‘ಡೂ 10 ಐ = 1,10’ ಎಂದರೆ ಐ ಎಂಬ ಹೆಸರಿಗೆ ಒಂದರಿಂದ ಹತ್ತರವರೆಗೆ ಬೆಲೆ ಕೊಡುತ್ತಾ ಆವರ್ತಿಸು ಎಂದರ್ಥ. ಅಲ್ಪವಿರಾಮದ ಬದಲು ಚುಕ್ಕೆ ಬಿದ್ದರೆ, ಖಾಲಿ ಜಾಗಗಳನ್ನು ನುಂಗಿಕೊಂಡ ಕಂಪೈಲರ್ ಅದನ್ನು ‘ಡೂ10ಐ’ ಎಂಬ ಹೆಸರಿಗೆ 1.10 ಎಂಬ ಬೆಲೆ ಕೊಡಬೇಕೆಂದು ತಿಳಿದು, ಯಾವ ದೂರನ್ನೂ ಹೇಳದೆ ಮುಂದೆ ಹೋಗುತ್ತಿತ್ತು.

ಮೆಮೊರಿಯ ಕೊರತೆ ಭಾಷೆಯೊಳಗೆ ನೇರವಾಗಿ ಕಾಣುವುದು ‘ಈಕ್ವಿವೆಲೆನ್ಸ್’ ಎಂಬ ವಾಕ್ಯದಲ್ಲಿ. ಎರಡು ಬೇರೆ ಹೆಸರಿನ ಪಟ್ಟಿಗಳು ಒಂದೇ ಜಾಗವನ್ನು ಹಂಚಿಕೊಳ್ಳಲಿ ಎಂದು ಅದರಿಂದ ಹೇಳಬಹುದಿತ್ತು. ಮೊದಲ ಪಟ್ಟಿಯ ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ ಎರಡನೆಯದನ್ನು ಇಟ್ಟುಕೊಳ್ಳುವುದು, ಚಿಕ್ಕ ಮನೆಯಲ್ಲಿ ಹಗಲಿನ ಅಡುಗೆಕೋಣೆಯನ್ನೇ ರಾತ್ರಿ ಮಲಗುವುದಕ್ಕೆ ಬಳಸಿಕೊಂಡ ಹಾಗೆ. ಹಳೆಯ ವೈಜ್ಞಾನಿಕ ಪ್ರೋಗ್ರಾಂಗಳನ್ನು ಇಂದು ಓದುವವರಿಗೆ ಅತಿ ಹೆಚ್ಚು ತೊಂದರೆ ಕೊಡುವ ವಾಕ್ಯವೂ ಇದೇ. ಬರೆದವರನ್ನು ದೂರುವುದು ಸರಿಯಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ.

704ರ ಗುರುತು ಇನ್ನೊಂದು ಭಾಷೆಯ ಮೇಲೂ ಇದೆ. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ರೂಪಿಸತೊಡಗಿದ ಲಿಸ್ಪ್ ಭಾಷೆಯಲ್ಲಿ ಪಟ್ಟಿಯ ಮೊದಲ ಭಾಗ ತೆಗೆಯುವುದಕ್ಕೆ ‘ಕಾರ್’, ಉಳಿದ ಭಾಗಕ್ಕೆ ‘ಕುಡರ್’ ಎಂಬ ಹೆಸರುಗಳಿವೆ. ಅವು 704ರ 36 ಬಿಟ್ ಪದದೊಳಗಿದ್ದ ಎರಡು ಭಾಗಗಳ ಹೆಸರುಗಳಿಂದ ಬಂದವು. ಬಳಸಿ ಬಿಟ್ಟ ಜಾಗವನ್ನು ಯಂತ್ರವೇ ಹುಡುಕಿ ಮತ್ತೆ ಬಳಕೆಗೆ ತರುವ ‘ಗಾರ್ಬೇಜ್ ಕಲೆಕ್ಷನ್’ ಕೂಡ ಹುಟ್ಟಿದ್ದು ಇದೇ ಲಿಸ್ಪ್‌ನಲ್ಲಿ.

ಪ್ರಶ್ನೆ: ಬ್ಯಾಂಕುಗಳಲ್ಲಿ ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದು, 2000 ಇಸವಿ ಬಂದಾಗ ಪಟ್ಟ ಪಾಡು ನನಗೆ ನೆನಪಿದೆ. ಕೋಬಾಲ್ ಭಾಷೆ ಮಾಡಿದವರ ತಪ್ಪೇ ಅದು? ಆ ಭಾಷೆಯನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಒಬ್ಬರೇ ರಚಿಸಿದರೆಂಬುದು ನಿಜವೇ? (ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ)

ಉತ್ತರ: ಭಾಷೆಯ ತಪ್ಪಲ್ಲ, ಕೋಬಾಲ್‌ನಲ್ಲಿ ಇಸವಿಗೆ ನಾಲ್ಕು ಅಂಕಿ ಬರೆಯಲು ಯಾವ ಅಡ್ಡಿಯೂ ಇರಲಿಲ್ಲ. ಅಂದಿನ ಯಂತ್ರಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ವ್ಯಾಪಾರದ ಲೆಕ್ಕಗಳಿಗೆಂದು ಐಬಿಎಂ 1959ರಲ್ಲಿ ಪ್ರಕಟಿಸಿದ 1401 ಯಂತ್ರ ಸಾವಿರಾರು ಕಚೇರಿಗಳನ್ನು ಸೇರಿತು. ಅದರ ಅತಿ ಚಿಕ್ಕ ಮಾದರಿಯ ಮೆಮೊರಿ 1,400 ಅಕ್ಷರ, ಅತಿ ದೊಡ್ಡದು 16,000 ಅಕ್ಷರ. ಹತ್ತು ಸಾವಿರ ಖಾತೆಗಳಿದ್ದು ಒಂದೊಂದರಲ್ಲೂ ಮೂರು ತಾರೀಕುಗಳಿವೆ ಎಂದಿಟ್ಟುಕೊಳ್ಳಿ. ಪ್ರತಿ ತಾರೀಕಿನಲ್ಲಿ ಎರಡು ಅಂಕಿ ಉಳಿಸಿದರೆ ಒಟ್ಟು 60,000 ಅಕ್ಷರಗಳು ಉಳಿಯುತ್ತವೆ, ಕಾರ್ಡಿನ ಲೆಕ್ಕದಲ್ಲಿ 750 ಪೂರ್ಣ ಕಾರ್ಡುಗಳು. ಎಂಬತ್ತೇ ಕಾಲಂಗಳಲ್ಲಿ ಖಾತೆದಾರರ ಹೆಸರು, ಸಂಖ್ಯೆ, ಮೊತ್ತ ಎಲ್ಲವನ್ನೂ ತುರುಕಬೇಕಾದ ಗುಮಾಸ್ತರಿಗೆ ಆ ಎರಡು ಕಾಲಂ ಸಣ್ಣದಾಗಿರಲಿಲ್ಲ. ಮೆಮೊರಿ ಅಗ್ಗವಾದ ಮೇಲೂ ದಶಕಗಳ ಕಾಲ ಆ ಪದ್ಧತಿಯನ್ನು ಬದಲಿಸದೆ ಬಿಟ್ಟದ್ದು ಮಾತ್ರ ತಪ್ಪು ಎಂದು ನನ್ನ ಅಭಿಪ್ರಾಯ.

ಗ್ರೇಸ್ ಹಾಪರ್ ಒಬ್ಬರೇ ಕೋಬಾಲ್ ರಚಿಸಲಿಲ್ಲ. 1959ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಸರ್ಕಾರದ ಕಚೇರಿಗಳ, ಕಂಪ್ಯೂಟರ್ ತಯಾರಕರ ಮತ್ತು ಬಳಕೆದಾರರ ಸಭೆ ನಡೆದು, ಅಲ್ಲಿಂದ ಹೊರಟ ಸಮಿತಿಯೊಂದು ಭಾಷೆಯನ್ನು ರೂಪಿಸಿತು. ಜೀನ್ ಸ್ಯಾಮೆಟ್ ಆ ಕೆಲಸದಲ್ಲಿ ಮುಖ್ಯರಾಗಿದ್ದವರಲ್ಲಿ ಒಬ್ಬರು. ಆದರೆ ಇಂಗ್ಲಿಷ್ ಮಾತುಗಳಲ್ಲಿಯೇ ಲೆಕ್ಕಪತ್ರದ ಕೆಲಸವನ್ನು ಯಂತ್ರಕ್ಕೆ ಹೇಳಬಹುದು ಎಂದು ಹಾಪರ್ ಮೊದಲೇ ‘ಫ್ಲೋ-ಮ್ಯಾಟಿಕ್’ ಎಂಬ ತಮ್ಮ ಭಾಷೆಯಿಂದ ತೋರಿಸಿಕೊಟ್ಟಿದ್ದರು, ಕೋಬಾಲ್‌ಗೆ ದೊಡ್ಡ ಮಾದರಿ ಅದೇ. 1960ರ ಡಿಸೆಂಬರಿನಲ್ಲಿ ಒಂದೇ ಕೋಬಾಲ್ ಪ್ರೋಗ್ರಾಂ ಎರಡು ಬೇರೆ ಕಂಪನಿಗಳ ಯಂತ್ರಗಳ ಮೇಲೆ, ಆರ್‌ಸಿಎ 501 ಮತ್ತು ಯೂನಿವ್ಯಾಕ್ 2ರ ಮೇಲೆ, ಓಡಿತು. ಯಂತ್ರ ಬದಲಾದಾಗಲೆಲ್ಲ ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗಿದ್ದ ಕಾಲದಲ್ಲಿ ಇದು ಬಹಳ ದೊಡ್ಡ ಸಂಗತಿ.

ಪ್ರಶ್ನೆ: ಕಂಪ್ಯೂಟರ್ ಭಾಷೆಗಳು ಪಾಣಿನಿಯಿಂದ ಬಂದವು ಎಂದು ಒಂದು ಉಪನ್ಯಾಸದಲ್ಲಿ ಕೇಳಿದೆ. ಇದರಲ್ಲಿ ಸತ್ಯವೆಷ್ಟು? (ಸಂಸ್ಕೃತ ವಿದ್ಯಾರ್ಥಿನಿ, ಉಡುಪಿ)

ಉತ್ತರ: ‘ಬಂದವು’ ಎಂಬ ಮಾತು ಸರಿಯಲ್ಲ, ‘ಹೋಲುತ್ತವೆ’ ಎಂದರೆ ಸರಿ. ಆಲ್ಗಾಲ್ 60 ಎಂಬ ಭಾಷೆಯ ವ್ಯಾಕರಣವನ್ನು ಬರೆಯಲು ಜಾನ್ ಬ್ಯಾಕಸ್ ರೂಪಿಸಿದ, ಪೀಟರ್ ನೌರ್ ತಿದ್ದಿ ಬಳಸಿದ ಒಂದು ಸೂತ್ರಪದ್ಧತಿ ಇದೆ. ಅಲ್ಲಿ ಒಂದು ಸೂತ್ರ ಇನ್ನೊಂದನ್ನು, ಕೆಲವೊಮ್ಮೆ ತನ್ನನ್ನೇ ಕರೆದುಕೊಂಡು, ಕೆಲವೇ ಸೂತ್ರಗಳಿಂದ ಲೆಕ್ಕವಿಲ್ಲದಷ್ಟು ವಾಕ್ಯಗಳನ್ನು ವಿವರಿಸುತ್ತದೆ. ಅಷ್ಟಾಧ್ಯಾಯಿಯ ಸುಮಾರು ನಾಲ್ಕು ಸಾವಿರ ಸೂತ್ರಗಳನ್ನು ಓದುತ್ತಿರುವ ನಿಮಗೆ ಈ ಶೈಲಿಯ ಪರಿಚಯವಿದ್ದೇ ಇದೆ. 1967ರಲ್ಲಿ ಪೀಟರ್ ಇಂಗರ್ಮನ್ ಎಂಬುವರು ಕಂಪ್ಯೂಟರ್ ವಿಜ್ಞಾನದ ಪತ್ರಿಕೆಯೊಂದಕ್ಕೆ ಬರೆದು, ಈ ಪದ್ಧತಿಯನ್ನು ‘ಪಾಣಿನಿ-ಬ್ಯಾಕಸ್ ರೂಪ’ ಎಂದು ಕರೆಯಬೇಕೆಂದು ಸೂಚಿಸಿದ್ದರು. ಪಾಣಿನಿಯ ಹಿರಿಮೆಗೆ ಇಷ್ಟು ಸತ್ಯವೇ ಧಾರಾಳವಾಗಿ ಸಾಕು.

ಸೂತ್ರ ತನ್ನನ್ನು ತಾನೇ ಕರೆಯುವ ಈ ಗುಣ ಮೆಮೊರಿಯನ್ನೂ ಮುಟ್ಟಿತು. ಅಂದಿನ ಫೋರ್ಟ್ರಾನ್‌ನಲ್ಲಿ ಪ್ರತಿಯೊಂದು ಹೆಸರಿಗೂ ಓಡುವ ಮೊದಲೇ ಒಂದು ಖಾಯಂ ಜಾಗ ಗೊತ್ತಾಗಿರುತ್ತಿತ್ತು. ಆಲ್ಗಾಲ್‌ನಲ್ಲಿ ಪ್ರೋಗ್ರಾಂನ ಒಂದು ಭಾಗ ತನ್ನನ್ನೇ ಮತ್ತೆ ಕರೆಯಬಹುದಾದ್ದರಿಂದ ಪ್ರತಿ ಕರೆಗೂ ಹೊಸ ಜಾಗ ಬೇಕು, ಕರೆ ಮುಗಿದ ಮೇಲೆ ಅದು ಬಿಡುಗಡೆಯಾಗಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನದನ್ನೇ ಮೊದಲು ತೆಗೆಯುವಂಥ ‘ಸ್ಟ್ಯಾಕ್’ ಎಂಬ ಏರ್ಪಾಟು ಹೀಗೆ ಅಗತ್ಯವಾಯಿತು. ಬರೋಸ್ ಕಂಪನಿ 1961ರಲ್ಲಿ ಪ್ರಕಟಿಸಿದ ಬಿ5000 ಯಂತ್ರವನ್ನು ಆಲ್ಗಾಲ್‌ಗಾಗಿಯೇ, ಸ್ಟ್ಯಾಕ್ ಅನ್ನು ಯಂತ್ರದೊಳಗೇ ಸೇರಿಸಿ ವಿನ್ಯಾಸ ಮಾಡಿತು.

ಪ್ರಶ್ನೆ: ಭಾರತದಲ್ಲಿ ಮೊದಲ ಕಂಪ್ಯೂಟರುಗಳು ಎಲ್ಲಿದ್ದವು? ಕಾನ್ಪುರದಲ್ಲಿ ‘ಕೂಡಲು ಬಾರದ ಕಂಪ್ಯೂಟರ್’ ಒಂದಿತ್ತು ಎಂದು ನಮ್ಮ ಪ್ರೊಫೆಸರ್ ಹೇಳುತ್ತಿದ್ದರು. ಅದು ಹೇಗೆ ಸಾಧ್ಯ? (ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ಉತ್ತರ: ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1950ರ ದಶಕದ ನಡುಭಾಗದಲ್ಲಿ ಬ್ರಿಟನ್ನಿನಿಂದ ಬಂದ ಎಚ್ಇಸಿ-2ಎಂ ಯಂತ್ರ ಮೊದಲನೆಯದು, ಅದರ ಮೆಮೊರಿ ಡ್ರಮ್. ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದ ತಂಡ ಇಲ್ಲಿಯೇ ವಿನ್ಯಾಸ ಮಾಡಿ ಕಟ್ಟಿದ ಟಿಫ್ರ್ಯಾಕ್ ಯಂತ್ರವು 1960ರಲ್ಲಿ ಪೂರ್ಣಪ್ರಮಾಣದಲ್ಲಿ ಕೆಲಸ ಆರಂಭಿಸಿತು. ಅದರಲ್ಲಿ 40 ಬಿಟ್‌ಗಳ 2,048 ಪದಗಳ ಕೋರ್ ಮೆಮೊರಿ ಇತ್ತು. ಅಮೆರಿಕದಲ್ಲಿ ಕೋರ್ ಬಂದ ಕೆಲವೇ ವರ್ಷಗಳಲ್ಲಿ, ಕಂಪ್ಯೂಟರ್ ಕಟ್ಟಿದ ಅನುಭವವೇ ಇಲ್ಲದ ಯುವಕರು ಈ ದೇಶದಲ್ಲಿ ಅದನ್ನು ಸಾಧಿಸಿದರು ಎಂಬುದನ್ನು ನಾವು ಸಾಕಷ್ಟು ನೆನೆಯುವುದಿಲ್ಲ ಎಂದು ನನಗೆ ಬೇಸರವಿದೆ.

ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620 ಬಂದಿತು. ಎಚ್. ಕೆ. ಕೇಶವನ್, ವಿ. ರಾಜಾರಾಮನ್ ಮತ್ತು ಅಮೆರಿಕದಿಂದ ಬಂದಿದ್ದ ಹ್ಯಾರಿ ಹಸ್ಕಿ ಅಲ್ಲಿ ದೇಶದ ನಾನಾ ಕಡೆಯ ವಿಜ್ಞಾನಿಗಳಿಗೂ ಇಂಜಿನಿಯರುಗಳಿಗೂ ಫೋರ್ಟ್ರಾನ್ ಕಲಿಸುವ ಸಣ್ಣ ಅವಧಿಯ ತರಗತಿಗಳನ್ನು ನಡೆಸಿದರು. ರಾಜಾರಾಮನ್ ಅವರು ಮುಂದೆ ನಿಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿಯೂ ತಲೆಮಾರುಗಳನ್ನು ಬೆಳೆಸಿದರು.

ನಿಮ್ಮ ಪ್ರೊಫೆಸರ್ ಹೇಳಿದ್ದು 1620ರ ವಿಷಯದಲ್ಲಿ ನಿಜ. ಖರ್ಚು ಕಡಿಮೆ ಮಾಡಲು ಅದರ ಮೊದಲ ಮಾದರಿಯಲ್ಲಿ ಕೂಡುವ ವಿದ್ಯುನ್ಮಂಡಲವನ್ನೇ ಇಟ್ಟಿರಲಿಲ್ಲ. ಅದರ ಬದಲು, ಮೆಮೊರಿಯ 20,000 ಅಂಕಿಗಳಲ್ಲಿ ನೂರನ್ನು ಕೂಡುವ ಕೋಷ್ಟಕಕ್ಕೂ ಇನ್ನೂರನ್ನು ಗುಣಿಸುವ ಕೋಷ್ಟಕಕ್ಕೂ ಬಿಟ್ಟುಕೊಟ್ಟಿದ್ದರು. ಏಳಕ್ಕೆ ಐದು ಕೂಡಬೇಕಾದರೆ ಯಂತ್ರ ಆ ಎರಡು ಅಂಕಿಗಳಿಂದಲೇ 00375 ಎಂಬ ವಿಳಾಸ ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿತ್ತು. ಅಲ್ಲಿ ಎರಡು ಎಂಬ ಅಂಕಿಯೂ, ಅದರ ಜೊತೆಗೆ ದಶಕ ಇದೆ ಎಂದು ತಿಳಿಸುವ ಗುರುತೂ ಇರುತ್ತಿದ್ದವು. ನಮ್ಮ ಮಕ್ಕಳು ಮಗ್ಗಿ ಬಾಯಿಪಾಠ ಮಾಡಿ ಲೆಕ್ಕ ಹೇಳುವಂತೆ, ಆ ಯಂತ್ರವೂ ನೋಡಿ ಹೇಳುತ್ತಿತ್ತು.

ಕೋಷ್ಟಕ ಇದ್ದದ್ದು ಸಾಮಾನ್ಯ ಮೆಮೊರಿಯಲ್ಲಿಯೇ. ಹಾಗಾಗಿ ತಪ್ಪು ಬರೆದ ಪ್ರೋಗ್ರಾಂ ಒಂದು ಆ ವಿಳಾಸಗಳ ಮೇಲೆ ಬೇರೇನನ್ನೋ ಬರೆದುಬಿಟ್ಟರೆ ಅಂದಿನಿಂದ ಯಂತ್ರದ ಕೂಡುವಿಕೆಯೇ ತಪ್ಪಾಗುತ್ತಿತ್ತು. ಅದನ್ನು ತಡೆಯಲು ಕೋಷ್ಟಕಗಳ ಕಾರ್ಡುಗಳನ್ನು ಪ್ರೋಗ್ರಾಂನ ಕಟ್ಟಿನೊಂದಿಗೇ ಸೇರಿಸಿಟ್ಟು ಪ್ರತಿಸಲ ಓದಿಸುತ್ತಿದ್ದರು. ಇನ್ನು ಕೆಲವರು ಬೇಕೆಂದೇ ಆ ಕೋಷ್ಟಕದಲ್ಲಿ ಎಂಟರ ಮೂಲದ ಮೊತ್ತಗಳನ್ನು ತುಂಬಿಸಿ, ಒಂದು ತಂತಿಯನ್ನೂ ಮುಟ್ಟದೆ, ಹತ್ತರ ಮೂಲದ ಆ ಯಂತ್ರದಿಂದ ಎಂಟರ ಮೂಲದ ಲೆಕ್ಕ ಮಾಡಿಸಿಕೊಂಡರು. ಆಗ ಅದು ಏಳಕ್ಕೆ ಐದು ಕೂಡಿ ಹದಿನಾಲ್ಕು ಎನ್ನುತ್ತಿತ್ತು, ಎಂಟರ ಮೂಲದಲ್ಲಿ 14 ಎಂದರೆ ಒಂದು ಎಂಟು ಮತ್ತು ನಾಲ್ಕು, ಅಂದರೆ ನಮ್ಮ ಹನ್ನೆರಡೇ, ಆದ್ದರಿಂದ ಅಲ್ಲಿ ಅದೇ ಸರಿಯಾದ ಉತ್ತರ.